ಅಣ್ಣನಿಗಿಂತ ಹಿರಿಯಳಾದ ತಂಗಿ

"ವಯಸ್ಸೆಷ್ಟು?" ಎಂದು ಡಾಕ್ಟರು ಕೇಳಿದ್ದು ನಮ್ಮ ಅತ್ತೆಯನ್ನು. ಉತ್ತರ ಕೊಟ್ಟವನು ಅವಳ ಮಗ ಚನ್ನಪ್ಪ.

"ಎಪ್ಪತ್ತರ ಮ್ಯಾಲ ಆಗ್ಯಾವ್ರೀ ಸರ."

ಅತ್ತೆ ಎದುರಿನ ಗೋಡೆಯನ್ನೇ ನೋಡುತ್ತ ಕೂತಿದ್ದಳು. (ಆ ವರ್ಷವೆಲ್ಲ ಅವಳು ನೋಡುತ್ತಿದ್ದುದೇ ಹಾಗೆ, ನೆಟ್ಟಗೆ. ಕಣ್ಣು ಕೆಳಗಿಳಿಯುತ್ತಲೇ ಇರಲಿಲ್ಲ.)

ಇದು ಹೋದ ವರ್ಷ ಬಿಜಾಪುರದಲ್ಲಿ ನಡೆದದ್ದು. ಶಂಕ್ರವ್ವತ್ತೆ ನನ್ನ ಅಪ್ಪನ ತಂಗಿ. ಇಂಡಿ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಅವಳು ಬಡಿದ ಜೋಳದ ರೊಟ್ಟಿ ತಿಂದವರು ಬೇರೆಯವರ ರೊಟ್ಟಿಯಲ್ಲಿ ತಪ್ಪು ಹುಡುಕುತ್ತಿದ್ದರು. ಅಂಥವಳ ಕೈಯಲ್ಲಿ ರೊಟ್ಟಿ ಹರಿಯತೊಡಗಿತು. ಹೊಸ್ತಿಲು ಎಡವಿದಳು. ನಿಂತಲ್ಲೇ ಹಿಂದಕ್ಕೆ ಬಿದ್ದಳು. ನೀರು ಕುಡಿದರೆ ನೆತ್ತಿಗೇರುತ್ತಿತ್ತು.

"ನೆಲಾ ನೋಡಿ ಅಡ್ಯಾಡ ಬೇ ಯವ್ವಾ! ಕಣ್ಣ ಎಲ್ಲಿ ಇಟ್ಟಿರ್ತಿ?" ಎಂದು ಚನ್ನಪ್ಪ ಬೈಯುತ್ತಿದ್ದ.

ಪಾಪ, ಅವನೇನು ಕೆಟ್ಟವನಲ್ಲ. ಸೋಲಾಪುರಕ್ಕೆ ಕರೆದೊಯ್ದು ಎಂಆರ್‌ಐ ಮಾಡಿಸಿದವನೂ ಅವನೇ. ಅಲ್ಲೂ ವಯಸ್ಸು ಕೇಳಿದ್ದಾರೆ, ಅಲ್ಲೂ ಇವನೇ ಎಪ್ಪತ್ತರ ಮೇಲೆ ಅಂದಿದ್ದಾನೆ. ಮೆದುಳು ಸ್ವಲ್ಪ ಸವೆದಿದೆ, ಆ ವಯಸ್ಸಿನ ಹೆಂಗಸಿಗೆ ಇದು ನಾರ್ಮಲ್ ಎಂದು ಹೇಳಿ ಕಳಿಸಿದ್ದಾರೆ. ಮುಪ್ಪಿಗೆ ಮದ್ದುಂಟೆ? ಎಲ್ಲರೂ ಸುಮ್ಮನಾದರು. ಮತ್ತೆ ಬಿದ್ದು ಕೈ ಮುರಿದುಕೊಂಡಾಗ ನಾನೇ ಹಟ ಹಿಡಿದು ಈ ಮೆದುಳಿನ ಡಾಕ್ಟರ ಹತ್ತಿರ ಕರೆತಂದಿದ್ದೆ.

ಡಾಕ್ಟರು ಚನ್ನಪ್ಪನನ್ನು ತಡೆಯುವಂತೆ ಕೈ ಎತ್ತಿದರು. "ನೀವು ತಡೀರಿ. ಯವ್ವಾ, ನೀವ ಹೇಳ್ರಿ."

ಅತ್ತೆಯ ಮಾತು ಆಗಲೇ ಎಳೆಯುತ್ತಿತ್ತು. ನನ್ನತ್ತ ಕೈ ಮಾಡಿದಳು. "ಇವರಪ್ಪ... ಮಾಸ್ತರ... ಮೊನ್ನಿ ರಿಟೈರ್ ಆದ. ನಾ ಅವನಕಿಂತ ಸಣ್ಣಾಕಿ ರೀ."

ಆಗ ಲೆಕ್ಕ ಹಾಕಿದೆ. ಸರ್ಕಾರಿ ಶಾಲೆಯ ಮಾಸ್ತರರಿಗೆ ಅರವತ್ತಕ್ಕೆ ರಿಟೈರ್‌ಮೆಂಟ್. ನಮ್ಮಪ್ಪ ಸಿಂದಗಿ ಪೇಟೆಯಲ್ಲಿ ಇನ್ನೂ ಸೈಕಲ್ ತುಳಿಯುತ್ತಾನೆ, ಮುದುಕ ಅಂದರೆ ಜಗಳಕ್ಕೆ ಬರುತ್ತಾನೆ. ಅವನ ತಂಗಿಗೆ ಎಪ್ಪತ್ತು ಎಲ್ಲಿಂದ ಬಂತು?

ಎಲ್ಲಿಂದ ಅಂದರೆ, ನಮ್ಮ ಬಾಯಿಂದ. ಅತ್ತೆಯನ್ನು ಲಂಗ ಉಡುವ ವಯಸ್ಸಿನಲ್ಲೇ ಮದುವೆ ಮಾಡಿಕೊಟ್ಟರು. ಅವಳ ಮಗಳನ್ನೂ ಹಾಗೆಯೇ ಕೊಟ್ಟರು. ಮೂವತ್ತು ದಾಟುವಷ್ಟರಲ್ಲಿ ಮೊಮ್ಮಗಳು ಬಂದಳು, ಮಾವ ತೀರಿಕೊಂಡ. ಅಂದಿನಿಂದ ಊರಿಗೆಲ್ಲ ಅವಳು "ಆಯಿ", ಅಂದರೆ ಅಜ್ಜಿ. ಆಯಿ ಅಂದಮೇಲೆ ಮುದುಕಿಯೇ ಅಲ್ಲವೆ? ಲೆಕ್ಕ ಹಾಕುವವರು ಯಾರು?

ಡಾಕ್ಟರು ಸೋಲಾಪುರದ ಫಿಲ್ಮನ್ನು ಬೆಳಕಿಗೆ ಸಿಕ್ಕಿಸಿ ಮತ್ತೆ ಅಳತೆ ಹಿಡಿದರು.

"ಇದು ಮೆದುಳಿನ ಬುಡದ ಕಾಂಡ ನೋಡ್ರಿ. ಕಣ್ಣು ತಿರಗಸೂದು, ಬೀಳದಂಗ ನಿಲ್ಲಸೂದು, ನುಂಗಸೂದು ಎಲ್ಲಾ ಇದರ ಕೆಲಸ. ಗಂಡಸರದು ಸಾಮಾನ್ಯ ತುಸು ದಪ್ಪ ಇರತೈತಿ, ಹೆಂಗಸರದು ತುಸು ಸಣ್ಣ. ವಯಸ್ಸಾದಂಗ ಇದರ ಮ್ಯಾಲಿನ ಭಾಗ ಸವೀತೈತಿ. ಅದಕ್ಕ ಯಾರದು, ಎಷ್ಟು ವಯಸ್ಸು ಅಂತ ಗೊತ್ತಿಲ್ಲದ ಈ ಅಳತಿಗೆ ಅರ್ಥ ಇಲ್ಲ. ಸೋಲಾಪುರದಾಗ ಎಪ್ಪತ್ತರಾಕಿ ಅಂತ ತಿಳದು ಬಿಟ್ಟಾರ. ಇವರ ವಯಸ್ಸಿಗೆ ಇದು ಮುಪ್ಪಲ್ಲ, ರೋಗ."

"ಗುಣ ಆಗತೈತೇನ್ರಿ?" ಎಂದೆ.

"ಇಲ್ರಿ. ಮೊದಲ ಗೊತ್ತಾಗಿದ್ರೂ ಗುಣ ಮಾಡೋ ಔಷಧ ಇರಲಿಲ್ಲ. ಆದ್ರ ಬೀಳದಂಗ ನೋಡಕೋಬಹುದಿತ್ತು. ನೀರು ಹೆಂಗ ಕುಡಿಸಬೇಕು ಅಂತ ಕಲಿಸಬಹುದಿತ್ತು."

ಚನ್ನಪ್ಪ ಸಣ್ಣ ದನಿಯಲ್ಲಿ ಕೇಳಿದ: "ಸರ, ಹಂಗಾರ ಆಕಿ ನೆಲದ ಮ್ಯಾಲ ಖಬರ ಇಲ್ಲದ ಅಡ್ಯಾಡತಿದ್ದಿಲ್ಲೇನ್ರಿ?"

"ಕಣ್ಣು ಕೆಳಗ ಇಳಿಯೂದ ಇಲ್ಲಪಾ ಅವರಿಗೆ. ನೆಲಾ ಹೆಂಗ ನೋಡಬೇಕು?"

ಚನ್ನಪ್ಪ ಅವ್ವನ ಕಾಲು ಹಿಡಿದು, ಅಷ್ಟು ಜನರೆದುರು, ಬಿಕ್ಕಿ ಬಿಕ್ಕಿ ಅತ್ತ. ಕಾಲಬಳಿ ಕೂತ ಮಗ ಅವಳಿಗೆ ಕಾಣಲಿಲ್ಲ. "ಎಲ್ಲಿ ಹೋದ್ಯೋ ಚನ್ನ್ಯಾ?" ಎಂದು ಮುರಿಯದ ಕೈಯಿಂದ ಗಾಳಿಯಲ್ಲಿ ತಡವಿದಳು. ನನಗೂ ತಡೆಯಲಾಗಲಿಲ್ಲ, ಹೊರಗೆ ಬಂದುಬಿಟ್ಟೆ.

ಹೆಂಗಸರು ವಯಸ್ಸು ಮುಚ್ಚಿಡುತ್ತಾರೆ ಎಂದು ಜೋಕು ಮಾಡುತ್ತೀರಲ್ಲ, ಯಾವ ಹೆಂಗಸರು ಸ್ವಾಮಿ? ನಮ್ಮ ಕಡೆಯವರಿಗೆ ಮುಚ್ಚಿಡುವ ಭಾಗ್ಯವಾದರೂ ಎಲ್ಲಿದೆ? ರೇಷನ್ ಅಂಗಡಿಯಿರಲಿ, ದವಾಖಾನೆಯಿರಲಿ, ಪ್ರಶ್ನೆ ಅವಳಿಗೆ, ಉತ್ತರ ಹಿಂದೆ ನಿಂತ ಗಂಡಸಿನದು. ಅವನು ಬಾಯಿಗೆ ಬಂದಷ್ಟು ಹೇಳುತ್ತಾನೆ, ಇವಳು ಅಷ್ಟು ವರ್ಷದವಳಾಗುತ್ತಾಳೆ.

ಆಮೇಲೆ ಚನ್ನಪ್ಪ ಅವ್ವನ ಕೈ ಬಿಡಲಿಲ್ಲ. ಊಟದ ತಾಟನ್ನು ಅವಳ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದ. ತಡವಾಗಿತ್ತು ಅಷ್ಟೆ. ಹೋದ ವಾರ ಗಂಜಿ ನೆತ್ತಿಗೇರಿ, ಎದೆಗೆ ಕಫ ಕಟ್ಟಿ, ಶಂಕ್ರವ್ವತ್ತೆ ಹೋಗಿಬಿಟ್ಟಳು.

ಮಣ್ಣಿಗೆ ಬಂದವರೆಲ್ಲ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದು ಒಂದೇ ಮಾತು: "ವಯಸ್ಸಾಗಿತ್ತು ಬಿಡ್ರಿ ಮಾಸ್ತರ, ಎಷ್ಟಂತ ಇರ್ತಾರ?"

ತನ್ನ ಬೆನ್ನಿಗೆ ಹುಟ್ಟಿದವಳಿಗೆ ವಯಸ್ಸಾಗಿತ್ತು ಎಂಬ ಸಮಾಧಾನವನ್ನು ಅಣ್ಣನಾದವನು ಹೇಗೆ ಮಾಡಿಕೊಳ್ಳಬೇಕು?