ಖಾಕಿ ಅಂಗಿಯ ಕೈಚೀಲ

ನೇಸರಗಿಯ ಸುಂದರವ್ವನ ಬಾಯಿ ಹೊಲಿಗೆ ಮಷಿನ್ನಿಗಿಂತ ಜೋರು. ರೆಡಿಮೇಡ್ ಬಟ್ಟೆ ಬಂದು ಜಂಪರ್ ಹೊಲಿಸುವವರು ಕಡಿಮೆಯಾದಾಗ ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಈಕೆ ಮಾತ್ರ, ಸಂತೆಯಲ್ಲಿ ಪ್ಲಾಸ್ಟಿಕ್ ಚೀಲ ಹರಿದು ಬದನೆಕಾಯಿ ಉರುಳಿಸಿಕೊಂಡವರನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕು, ಮನೆಗೆ ಬಂದು ಗಂಡ ದುರ್ಗಪ್ಪನ ಹಳೇ ಪ್ಯಾಂಟಿನಲ್ಲಿ ಒಂದು ಚೀಲ ಹೊಲಿದಳು. ಅದರಲ್ಲಿ ಹತ್ತು ಕಿಲೋ ಜೋಳ ಹೊತ್ತು ತಂದ ಮೇಲೆ ದುರ್ಗಪ್ಪನ ಗೊಣಗಾಟವೂ ನಿಂತಿತು.

ಈಗ ಅರ್ಧ ಊರಿನ ಹಳೇ ಬಟ್ಟೆ ಬಂದು ಬೀಳುವುದು ಅವಳ ಕಟ್ಟೆಯ ಮೇಲೆಯೇ. ಅಂಗಿ ಬಂದರೆ ಅದರ ಕಿಸೆಯನ್ನು ಬಿಸಾಡುವುದಿಲ್ಲ. ಗುಂಡಿಯ ಸಮೇತ ಚೀಲದ ಹೊರಮೈಗೆ ಬರುವಂತೆ ಹೊಲಿಯುತ್ತಾಳೆ. "ಚಿಲ್ಲರೆ ಇಡಾಕ ಜಾಗಾ ಬ್ಯಾಡೇನ್ರಿ?" ಎನ್ನುತ್ತಾಳೆ. ಹೊಲಿದ ಚೀಲಗಳನ್ನು ಸಂತೆಯ ದಿನ ತಾನೇ ಕೂತು ಮಾರುತ್ತಾಳೆ.

ಅವಳದೊಂದು ನೇಮವಿದೆ. ಕತ್ತರಿ ಕೈಗೆ ತಗೊಂಡು, "ಕತ್ತರಿ ಹಾಕ್ಲೇನ್ರಿ?" ಎಂದು ಗಟ್ಟಿಯಾಗಿ ಕೇಳಬೇಕು. ಆ ಬಟ್ಟೆ ಉಟ್ಟು ತೊಟ್ಟವರೇ ಬಾಯಿಬಿಟ್ಟು "ಹಾಕ್ರಿ" ಅನ್ನಬೇಕು. ಅಲ್ಲಿಯವರೆಗೆ ಅರಿವೆಯ ತುದಿಯನ್ನೂ ಮುಟ್ಟುವವಳಲ್ಲ. ಯಾರಾದರೂ ನಕ್ಕರೆ, "ಹೊಲಿಗಿ ತಪ್ಪಿದ್ರ ಬಿಚ್ಚತೇನಿ, ಕತ್ತರಿಸಿದ್ದನ್ನ ಏನ್ ಮಾಡ್ಲಿ?" ಎಂದು ದಬಾಯಿಸುತ್ತಾಳೆ.

ಇಷ್ಟು ವರ್ಷ ಕಾಪಾಡಿಕೊಂಡು ಬಂದ ನೇಮ ಹೋದ ಸಂತೆಯ ಹಿಂದಿನ ದಿನ ತಪ್ಪಿತು. ಕೈತುಂಬ ಕೆಲಸ. ಆ ಹೊತ್ತಿಗೆ ನೀಲವ್ವ ಒಂದು ಖಾಕಿ ಅಂಗಿ ತಂದಳು. ಗಂಡ ನಿಜಗುಣಪ್ಪ ಮೂವತ್ತೊಂದು ವರ್ಷ ರಾಮದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು.

"ರಿಟೈರ್ ಆಗಿ ವರ್ಷಾತು. ಟ್ರಂಕಿನಾಗ ಸುಮ್ಮನ ಬಿದ್ದೇತಿ. ಹಾಕವಾ ಕತ್ತರಿ."

ದಪ್ಪನೆಯ ಖಾಕಿ, ಗಟ್ಟಿ ನೂಲು! ಸುಂದರವ್ವನ ಕೈ ತಡೆಯಲಿಲ್ಲ. ತೊಟ್ಟವನನ್ನು ಕೇಳದೆ ಕತ್ತರಿಸಿಬಿಟ್ಟಳು.

ಮರುದಿನ ಮಧ್ಯಾಹ್ನ ನಿಜಗುಣಪ್ಪ ಸಂತೆಗೆ ಬಂದು ಅವಳ ಮುಂದೆ ನಿಂತ.

"ಸುಂದರವ್ವಾ, ನನ್ನ ಅಂಗಿ ಎಲ್ಲೈತಿ?"

ಬೈದಿದ್ದರೆ ಅವಳೂ ಎರಡು ಬೈದು ಹಗುರಾಗುತ್ತಿದ್ದಳು. ಆದರೆ ಅವನ ದನಿಯೇ ಉಡುಗಿಹೋಗಿತ್ತು.

"ಕಡೀ ಟ್ರಿಪ್ಪಿಗೆ ಹಾಕ್ಕೊಂಡಿದ್ದ ಅಂಗಿ ಅದು. ರಿಟೈರ್ ಆದ ಮ್ಯಾಲೆ ಮನ್ಯಾಗ ನನ್ನ ಯಾರೂ ಏನೂ ಕೇಳಂಗಿಲ್ಲ. ನೀನರ ಒಂದ್ ಮಾತು ಕೇಳಬೇಕಿತ್ತಿಲ್ಲೋ?"

ಸುಂದರವ್ವ ಎದ್ದು ನಿಂತಳು. "ತಪ್ಪ ನಂದ ಅಣ್ಣಾರ. ಆ ಚೀಲಾ ಈಗಿನ್ನ ಒಬ್ಬಾಕಿ ಒಯ್ದಾಳ, ಬಸ್‌ಸ್ಟ್ಯಾಂಡ್ ಕಡೆ ಹೋದ್ಲು. ನಡೀರಿ, ತಂದ ಕೊಡತೇನಿ!"

ಉಳಿದ ಚೀಲಗಳನ್ನು ಅಲ್ಲೇ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಳ್ಳಾಗಡ್ಡಿ ರಾಶಿ ದಾಟಿ ಓಡಿದಳು. ರಾಮದುರ್ಗದ ಬಸ್ಸು ಹೊರಡುವುದರಲ್ಲಿತ್ತು. ಕಿಟಕಿಯಲ್ಲಿ ಖಾಕಿ ಕಂಡಿತು. ಇಬ್ಬರೂ ಹತ್ತಿದರು.

ಸಣ್ಣ ವಯಸ್ಸಿನ ಹೆಣ್ಣುಮಗಳು. ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಮೆಂತ್ಯೆ ಸೊಪ್ಪು ತುಂಬಿದ ಖಾಕಿ ಚೀಲ. ಟಿಕೆಟ್ ತಗೊಂಡು ಉಳಿದ ಚಿಲ್ಲರೆಯನ್ನು ಚೀಲದ ಕಿಸೆಗೆ ಹಾಕುತ್ತಿದ್ದಳು.

"ತಂಗಿ, ಆ ಚೀಲ ಕೊಡವಾ, ಬದಲಿ ಎರಡು ಕೊಡತೇನಿ," ಎಂದು ಸುಂದರವ್ವ ಏದುಸಿರಿನಲ್ಲೇ ಕೈ ಚಾಚಿದಳು.

"ಅಯ್ಯ, ಯಾಕ್ರಿ ಅಕ್ಕಾರ? ನಾ ಕೊಡಂಗಿಲ್ಲ. ಒಂದ ಕೈಯಾಗ ಕೂಸು, ಒಂದ ಕೈಯಾಗ ಸಂತಿ. ಟಿಕೆಟ್ಟಿಗೆ, ಚಿಲ್ಲರಿಗೆ ಈ ಕಿಸೇನ ಆಸರಾತು ನೋಡ್ರಿ."

ಸುಂದರವ್ವ ಮತ್ತೆ ಬಾಯಿ ತೆರೆದಳು. ನಿಜಗುಣಪ್ಪ ಕೈಯೆತ್ತಿ ತಡೆದ. ಟಿಕೆಟ್ಟಿನ ತುದಿ ಹೊರಗೆ ಇಣುಕುತ್ತಿದ್ದ ಆ ಕಿಸೆಯನ್ನೇ ಒಂದಷ್ಟು ಹೊತ್ತು ನೋಡಿದ. ಆಮೇಲೆ ಹಳೆಯ ಕಂಡಕ್ಟರ್ ದನಿಯಲ್ಲಿ ಹೇಳಿದ:

"ಗುಂಡಿ ಹಚ್ಚವಾ ತಂಗಿ. ಗದ್ದಲದಾಗ ಚಿಲ್ಲರೆ ಬಿದ್ದಾವು."

ಆಕೆ ಕಿಸೆಯ ಗುಂಡಿ ಹಾಕಿದಳು. ಅವನು ಸುಂದರವ್ವನೊಡನೆ ಕೆಳಗಿಳಿದು, ಅಂಗೈಯಿಂದ ಬಸ್ಸಿನ ತಗಡಿಗೆ ಎರಡು ಏಟು ಕೊಟ್ಟು, "ರೈಟ್, ರೈಟ್!" ಎಂದ. ಬಸ್ಸು ಹೊರಟೇಬಿಟ್ಟಿತು. ಒಳಗಿದ್ದ ನಿಜವಾದ ಕಂಡಕ್ಟರ್ ಬಾಗಿಲಿನಿಂದ ತಲೆ ಹಾಕಿ ಕಕ್ಕಾಬಿಕ್ಕಿಯಾಗಿ ನೋಡಿದ.

ತಿರುಗಿ ಬರುವಾಗ ಸುಂದರವ್ವ ಒಂದೂ ಮಾತಾಡಲಿಲ್ಲ. ಸಂತೆಯ ಮಂದಿ, ಈಕೆಗೆ ಜ್ವರ ಬಂದಿರಬೇಕು ಎಂದುಕೊಂಡರು.

ಮರುದಿನ ಮುಂಜಾನೆ ನಿಜಗುಣಪ್ಪ ತಾನೇ ಅವಳ ಕಟ್ಟೆಗೆ ಬಂದ. ಖಾಕಿ ಪ್ಯಾಂಟನ್ನು ಮಷಿನ್ನಿನ ಹಲಗೆಯ ಮೇಲೆ ಇಟ್ಟ.

"ಎರಡೂ ಕಿಸೆ ಹೊರಗ ಬರಬೇಕು ನೋಡವಾ."

ಸುಂದರವ್ವ ಕತ್ತರಿ ತಗೊಂಡಳು. ಓಣಿಯ ಆ ತುದಿಗೂ ಕೇಳುವಂತೆ, "ಅಣ್ಣಾರ, ಕತ್ತರಿ ಹಾಕ್ಲೇನ್ರಿ?" ಎಂದಳು.

ನಿಜಗುಣಪ್ಪ ಅರಿವೆಯ ಮೇಲೆ ಒಮ್ಮೆ ಕೈಯಾಡಿಸಿದ. ಆಮೇಲೆ ಹಲಗೆಗೆ ಎರಡು ಏಟು ಕೊಟ್ಟ.

"ರೈಟ್!"