ಪಾಸಾಗದವನ ಕೈಗೆ ಸಿಕ್ಕ ನಾಡಿ

ವಿದೇಶದಲ್ಲಿ ಡಾಕ್ಟರಿಕೆ ಓದಿ ಬಂದ ನಾನು ಇಲ್ಲಿನ ಲೈಸೆನ್ಸ್ ಪರೀಕ್ಷೆಗೆ ಬಸ್ಸಿನಲ್ಲೂ ಓದುತ್ತೇನೆ. ಅವತ್ತು ಪೋತ್ನಾಳದಲ್ಲಿ ರಾಯಚೂರಿನ ಬಸ್ ಹತ್ತಿ, ಮೊಬೈಲಿನಲ್ಲಿ ಹೃದಯದ ಅಧ್ಯಾಯ ತೆರೆದಿದ್ದೆ. ಪಕ್ಕದಲ್ಲಿ ಕೂತಿದ್ದ ಮಾನ್ವಿ ಸಂತೆಗೆ ಹೊರಟ ಬಳೆ ಮಾರುವ ಮುದುಕಿ ಅದರಲ್ಲಿದ್ದ ಹೃದಯದ ಚಿತ್ರ ನೋಡಿದ್ದೇ ತನ್ನ ಬಳೆಗಳನ್ನು ಮೇಲಕ್ಕೆ ಸರಿಸಿ, ಮುಂಗೈಯನ್ನು ನನ್ನ ಮೊಬೈಲಿನ ಮೇಲೇ ಇಟ್ಟಳು.

"ನಾಡಿ ನೋಡಪ್ಪಾ. ನಾಕು ಹೆಜ್ಜಿ ಇಟ್ರ ದಮ್ಮು ಹತ್ತತದ."

ನಮ್ಮ ಕಡೆ ಡಾಕ್ಟರ್ ಅನ್ನಿಸಿದವರ ಮುಂದೆ ಕೈ ಚಾಚಲು ಪರಿಚಯ ಬೇಕಿಲ್ಲ. ಹಿಡಿದು ನೋಡಿದರೆ ನಾಡಿ ಲಯವಿಲ್ಲದೆ ಎಡವುತ್ತಿತ್ತು. ಬಸ್ಸಿನ ಕುಲುಕಾಟವಿರಬೇಕೆಂದು, ಮಾನ್ವಿಯಲ್ಲಿ ಬಸ್ ನಿಂತಾಗ ಮತ್ತೆ ನೋಡಿದೆ. ಹಾಗೇ ಇತ್ತು.

"ಯವ್ವಾ, ಇಳೀಬ್ಯಾಡ. ನನ್ನ ಕೂಡ ರಾಯಚೂರಿಗೆ ಬಾ, ದವಾಖಾನಿಗೆ ಕರ್ಕೊಂಡು ಹೋಗ್ತೀನಿ."

ಆಕೆ ಬೆದರಿದಳು. "ನೀ ಡಾಕ್ಟರ್ ಹೌದಲ್ಲಪ್ಪಾ?"

"ಇನ್ನೂ ಇಲ್ಲ. ಪರೀಕ್ಷಾ ಪಾಸಾಗಬೇಕು."

ಮುಖದ ಮೇಲಿದ್ದ ಭಯ ಇಳಿಯಿತು. "ಹಂಗಾದ್ರ ಏನೂ ಇಲ್ಲ ಬಿಡು," ಎಂದು ಬಳೆಗಳ ಗಂಟು ಹೊತ್ತು ಸಂತೆಗೆ ಇಳಿದುಹೋದಳು.

ರಾಯಚೂರು ಮುಟ್ಟುವಷ್ಟರಲ್ಲಿ ಹೃದಯದ ಅಧ್ಯಾಯದ ಪ್ರಶ್ನೆಗಳನ್ನೆಲ್ಲ ಮುಗಿಸಿದೆ. ಒಂದೂ ತಪ್ಪಿರಲಿಲ್ಲ.