ನಿಮ್ಮ ಅಜ್ಜನ ಮೊಣಕಾಲು

ಮೊಮ್ಮಕ್ಕಳೇ, ನಿಮ್ಮ ಅಜ್ಜನನ್ನು ನೀವು ನೋಡಿಲ್ಲ. ಪಡಸಾಲೆಯ ಫೋಟೋದಲ್ಲಿ ಅವರು ಕುರ್ಚಿಯ ಮೇಲೆ ಕುಳಿತಿದ್ದಾರಲ್ಲ, ಅದು ದೊಡ್ಡಸ್ತಿಕೆಗೆ ಅಲ್ಲ. ನೆಲದ ಮೇಲೆ ಕೂಡಲು ಆಗ ಅವರಿಗೆ ಆಗುತ್ತಿರಲಿಲ್ಲ.

ಇಳಕಲ್ಲಿನ ನಮ್ಮ ಮನೆಯಲ್ಲಿ ಕುಣಿಮಗ್ಗ ಇತ್ತು. ಹುಡುಗರಾಗಿದ್ದಾಗಿನಿಂದ ಅವರು ಅದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯ್ದವರು. ಎಪ್ಪತ್ತರ ದಶಕದ ಕೊನೆಯಲ್ಲಿ ಹುನಗುಂದದಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದು ಬಲ ಮೊಣಕಾಲು ಮುರಿಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಕಟ್ಟಿದ ಪಟ್ಟಿ ಬಿಚ್ಚಿದಾಗ ಕಾಲು ಕೋಲಿನ ಹಾಗೆ ಸೆಟೆದಿತ್ತು. ಮಗ್ಗದ ಕೆಲಸ ಹೇಗೋ ನಡೆಯಿತು. ಅವರ ಚಿಂತೆ ಮಗ್ಗದ್ದಲ್ಲ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ. ಪದ್ಮಾಸನದಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತೇವೆ. ಅವರ ತಂದೆ ತೀರಿಕೊಂಡಾಗ ಮಡಚದ ಕಾಲನ್ನು ಜನ ಸೇರಿ ಒತ್ತಿ ಮಡಚಿದ್ದರಂತೆ. ಮೂಳೆ ಲಟಕ್ಕೆಂದ ಆ ಸಪ್ಪಳ ಅವರ ಕಿವಿಯಲ್ಲಿ ಹಾಗೇ ಉಳಿದಿತ್ತು.

“ನನಗೂ ಹಂಗ ಮಾಡ್ತಾರ,” ಎಂದು ಒಂದು ಸಂಜೆ ಹೇಳಿದರು. “ಜೀವ ಇದ್ದಾಗನ ಮಡಚಾಕ ಕಲೀಬೇಕು ನಾ.”

ಬಾದಾಮಿಯ ಸಾಲೆಯಲ್ಲಿ ಡ್ರಿಲ್ ಮಾಸ್ತರರಾಗಿದ್ದ ವಯಸ್ಸಾದವರೊಬ್ಬರು ನಮ್ಮ ಓಣಿಯಲ್ಲಿದ್ದರು. ಅವರ ಕಡೆ ಆಸನ ಕಲಿಯಲು ಹೋದ ನಿಮ್ಮ ಅಜ್ಜ ಮೊದಲಿಗೇ ನೇಕಾರನ ತಪ್ಪು ಮಾಡಿದರು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ಉದ್ದ ನೂಲನ್ನು ಓಣಿಯುದ್ದಕ್ಕೂ ಚಾಚಿ, ಗಂಜಿ ಹಚ್ಚಿ, ಹಗ್ಗ ಹಾಕಿ ಜಗ್ಗಿ ಬಿಗಿಯುತ್ತಾರಲ್ಲ, ಕಾಲೂ ಹಾಗೇ ಹದಕ್ಕೆ ಬರುತ್ತದೆಂದು ಅದೇ ಹಗ್ಗವನ್ನು ಪಾದಕ್ಕೆ ಕಟ್ಟಿ ತಮ್ಮ ಕಡೆ ಎಳೆದುಕೊಂಡರು. ಮೊಣಕಾಲು ಬಾತು ಕುಂಬಳಕಾಯಿ ಆಯಿತು.

ಮಾಸ್ತರರು ಮನೆಗೇ ಬಂದರು. “ಕಾಲಿಗೂ ಗಂಜಿ ಹಚ್ಚೀದಿ ಏನ್ಲೇ?” ಎಂದು ನಕ್ಕರು. ಆಮೇಲೆ ಪಕ್ಕದಲ್ಲಿ ಕುಳಿತು ಅಂದರು: “ಇದು ಹಾಸಲ್ಲಪಾ. ಉಸಿರು ಬಿಟ್ಟಾಗ ಎಷ್ಟು ಇಳೀತದ ಅಷ್ಟ ಇಳೀಲಿ. ಉಸಿರು ತಗೊಂಡಾಗ ಸುಮ್ಮನಿರು.”

ಕಾಲು ಮಡಚಿ ಕೂತಾಗ ನೆಲ ಮುಟ್ಟದೆ ಮೇಲೆಯೇ ನಿಲ್ಲುವ ಮೊಣಕಾಲಿನ ಕೆಳಗೆ ಅಂಗೈ ಇಡಲು ನನಗೆ ಹೇಳಿದರು. ಎತ್ತಬಾರದು, ಒತ್ತಬಾರದು, ಕೆಳಗೆ ಬಿದ್ದೇನೆಂಬ ಅಂಜಿಕೆ ಆ ಕಾಲಿಗೆ ಇರಬಾರದು, ಅಷ್ಟೇ. ಪರಗಂಡಸಿನ ಎದುರು ಗಂಡನ ಕಾಲು ಹಿಡಿಯಲು ನಾಚಿ ನಾನು ಸೆರಗು ಹಲ್ಲಿನಲ್ಲಿ ಕಚ್ಚಿ ಕುಳಿತೆ.

ಆಮೇಲೆ ದಿನಾ ಬೆಳಿಗ್ಗೆ ಅದೇ ಕೆಲಸ. ಅವರ ಉಸಿರು ಕೇಳುತ್ತ ನಾನು ಕೂಡುತ್ತಿದ್ದೆ. ಮದುವೆಯಾಗಿ ಅಷ್ಟು ವರ್ಷವಾದರೂ ನಾವಿಬ್ಬರು ಅಷ್ಟು ಹತ್ತಿರ ಸುಮ್ಮನೆ ಕುಳಿತದ್ದೇ ಇರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಒಂದು ದಿನ ನನ್ನ ಅಂಗೈಯ ಹಿಂಭಾಗಕ್ಕೆ ನೆಲದ ತಂಪು ತಗುಲಿತು. ಅಂದು ಅವರು ನೆಲದ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಂಡರು. ಲಿಂಗ ಹಿಡಿದ ಅವರ ಅಂಗೈ ಅಲುಗಲಿಲ್ಲ.

ಆ ಸುಖ ಭಾಳ ದಿನ ಉಳಿಯಲಿಲ್ಲ. ಮುಂದಿನ ಚಳಿಗಾಲದಲ್ಲಿ ಒಂದು ಮುಂಜಾನೆ ಎದೆನೋವೆಂದರು. ಗಾಡಿ ಬರುವುದರೊಳಗೆ ಹೋಗಿಬಿಟ್ಟರು.

ಜನ ಸೇರಿದರು. ಕೂಡಿಸುವ ಹೊತ್ತಿಗೆ ನಿಮ್ಮ ಅಜ್ಜನ ಅಣ್ಣ, ನನ್ನ ಭಾವನವರು, ಬಲಗಾಲು ಗಟ್ಟಿ ಹಿಡಿಯಬೇಕು ಎಂದು ಗಂಡಸರನ್ನು ಕರೆದರು. ಆವರೆಗೆ ಭಾವನವರ ಎದುರು ನಾನು ದನಿ ತೆಗೆದವಳಲ್ಲ.

“ಯಾರೂ ಮುಟ್ಟಬ್ಯಾಡ್ರಿ,” ಅಂದೆ. “ನಾ ಮಡಚ್ತೇನಿ.”

ಅಂಗೈ ಇಟ್ಟೆ. ರೂಢಿಯಂತೆ ಅವರು ಉಸಿರು ಬಿಡಲೆಂದು ಕಾದೆ. ಕಾದು ಕಾದು, ಇನ್ನು ಅದು ಬರುವುದಿಲ್ಲವೆಂದು ಆಗ ನನಗೆ ತಿಳಿಯಿತು. ಆಮೇಲೆ ನನ್ನ ಉಸಿರನ್ನೇ ಬಿಟ್ಟೆ. ಒಂದೊಂದು ಸಲಕ್ಕೂ ಕಾಲು ಒಂದಿಷ್ಟು ಇಳಿಯಿತು. ನೆಲ ತಗುಲಿತು. ಯಾವ ಸಪ್ಪಳವೂ ಆಗಲಿಲ್ಲ.

ಈಗಲೂ ಬೆಳಿಗ್ಗೆ ಎದ್ದು ಕಾಲು ಮಡಚಿ ಕೂಡುತ್ತೇನೆ. ನನ್ನ ಮೊಣಕಾಲಿನ ಕೆಳಗೆ ಯಾರ ಅಂಗೈಯೂ ಇಲ್ಲ. ಈಚೆಗೆ ಅದೂ ಸೆಟೆಯತೊಡಗಿದೆ. ನನ್ನನ್ನು ಕೂಡಿಸುವ ದಿನ ಹೊರಗಿನವರು ಒಳಗೆ ಬರುವ ಮೊದಲು ನಿಮ್ಮಲ್ಲಿ ಒಬ್ಬರು ಇದನ್ನು ಓದಿ, ನನ್ನ ಮೊಣಕಾಲಿಗೆ ಅಂಗೈ ಕೊಟ್ಟು ಪಕ್ಕ ಕೂಡಿರಿ. ಅಲ್ಲಿಯವರೆಗೆ ಅಜ್ಜ ನೇಯ್ದ ಸೀರೆಯ ಮಡಿಕೆಯಲ್ಲಿ ಈ ಹಾಳೆಗಳನ್ನು ಜೋಪಾನ ಮಾಡಿರಿ.